ಟ್ಯಾಂಕಿನ ನೆರಳು, ಬೋರ್‌ವೆಲ್ ನೀರು, ಆರಿದ್ರಾ ಮಳೆ: ಮನೆ ಸೋಲಾರ್ ವರ್ಷವಿಡೀ ಚೆನ್ನಾಗಿ ನಡೆಸೋದು ಹೇಗೆ

ನಮ್ಮ ಮನೆ ತುಮಕೂರಿನಲ್ಲಿ. ತಾರಸಿ ಮೇಲೆ 540 ವ್ಯಾಟ್‌ನ 6 ಪ್ಯಾನೆಲ್ ಇವೆ, ಒಟ್ಟು 3.24 ಕಿಲೋವ್ಯಾಟ್. ಹಾಕಿಸಿದ್ದು ಮೇ ತಿಂಗಳಲ್ಲಿ. ಅಳತೆಗೆ ಬಂದ ಹುಡುಗರು ಮಧ್ಯಾಹ್ನ 12 ಗಂಟೆಗೆ ಸುತ್ತ ನೋಡಿ, "ಎಲ್ಲೂ ನೆರಳಿಲ್ಲ ಸಾರ್, ಫಸ್ಟ್ ಕ್ಲಾಸ್ ಜಾಗ" ಅಂದರು. ನಾನೂ ನೋಡಿದೆ, ನಿಜಕ್ಕೂ ನೆರಳಿರಲಿಲ್ಲ. ಆಮೇಲೆ ಡಿಸೆಂಬರ್ ಬಂತು. ಆಕಾಶದಲ್ಲಿ ಚೂರೂ ಮೋಡವಿಲ್ಲ, ಆದರೂ ಮಧ್ಯಾಹ್ನ ಎರಡು ಗಂಟೆಯಾದರೆ ಸಾಕು, ಸೋಲಾರ್ ಆಪ್‌ನಲ್ಲಿ ಉತ್ಪಾದನೆಯ ಗೆರೆ ಮೆಟ್ಟಿಲು ಇಳಿದ ಹಾಗೆ ದಬಕ್ಕನೆ ಕೆಳಗೆ ಬೀಳುತ್ತಿತ್ತು. ಮೇಲೆ ಹತ್ತಿ ನೋಡಿದರೆ ನೀರಿನ ಟ್ಯಾಂಕಿನ ನೆರಳು ಎರಡು ಪ್ಯಾನೆಲ್ ಮೇಲೆ ಉದ್ದಕ್ಕೆ ಮಲಗಿತ್ತು.

ಇದು ಎಷ್ಟೋ ಮನೆಗಳ ಕಥೆ. ಅದಕ್ಕೇ ಪ್ಯಾನೆಲ್ ತೊಳೆಯೋದರಿಂದ ಶುರು ಮಾಡದೆ, ನೆರಳಿನಿಂದ ಶುರು ಮಾಡುತ್ತೇನೆ. ಧೂಳು ಕಣ್ಣಿಗೆ ಕಾಣುತ್ತದೆ, ಎಲ್ಲರೂ ಒರೆಸುತ್ತಾರೆ. ನೆರಳು ನಾವು ಆಫೀಸಿನಲ್ಲಿರುವ ಹೊತ್ತಿಗೆ ಬಂದು ಹೋಗಿಬಿಡುತ್ತದೆ.

ನಮ್ಮ ಕಡೆ ಸೂರ್ಯ ಎಲ್ಲೆಲ್ಲಿ ಓಡಾಡುತ್ತಾನೆ

ಬೆಂಗಳೂರು, ತುಮಕೂರು ಎಲ್ಲ ಹೆಚ್ಚುಕಡಿಮೆ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಹಾಗಾಗಿ ವರ್ಷಕ್ಕೆ ಎರಡು ಸಲ ಸೂರ್ಯ ಸರಿಯಾಗಿ ನಮ್ಮ ನೆತ್ತಿ ಮೇಲೆ ಬರುತ್ತಾನೆ, ಏಪ್ರಿಲ್ 24ರ ಹೊತ್ತಿಗೆ ಒಮ್ಮೆ, ಆಗಸ್ಟ್ 18ರ ಹೊತ್ತಿಗೆ ಇನ್ನೊಮ್ಮೆ. ಶೂನ್ಯ ನೆರಳಿನ ದಿನ ಅಂತ ಬೆಂಗಳೂರಿನಲ್ಲಿ ಮಕ್ಕಳಿಗೆ ತೋರಿಸುವುದು ಇದನ್ನೇ. ಈ ಎರಡು ದಿನಗಳ ನಡುವೆ, ಅಂದರೆ ಮೇ, ಜೂನ್, ಜುಲೈನಲ್ಲಿ, ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೆ ಇರುತ್ತಾನೆ. ಟ್ಯಾಂಕಿನ ನೆರಳು ಆಗ ದಕ್ಷಿಣಕ್ಕೆ, ಗೇಣುದ್ದ ಬೀಳುತ್ತದೆ. ಡಿಸೆಂಬರ್ 21ರ ಸುಮಾರಿಗೆ ಪೂರ್ತಿ ಉಲ್ಟಾ. ಮಧ್ಯಾಹ್ನವೇ ಸೂರ್ಯ ನೆತ್ತಿಯಿಂದ 36 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ. ನೆರಳು ಉತ್ತರದ ಕಡೆ ತಿರುಗುತ್ತದೆ, ಉದ್ದ ಆಗುತ್ತದೆ.

ಎಷ್ಟು ಉದ್ದ ಅಂದರೆ, 5 ಅಡಿ ಎತ್ತರದ ವಸ್ತುವಿಗೆ ಡಿಸೆಂಬರ್ ಮಧ್ಯಾಹ್ನ ಸುಮಾರು ಮೂರೂಮುಕ್ಕಾಲು ಅಡಿ ನೆರಳು, ಬೆಳಿಗ್ಗೆ 9ಕ್ಕೆ ಅಥವಾ ಮಧ್ಯಾಹ್ನ 3ರ ಮೇಲೆ ಏಳೂವರೆ ಅಡಿಗಿಂತ ಜಾಸ್ತಿ. ಇನ್ನೊಂದು ವಿಷಯ ನೋಡಿ. ನಮ್ಮಲ್ಲಿ ವಾಸ್ತು ಪ್ರಕಾರ ಟ್ಯಾಂಕ್ ಇಡುವುದು ನೈಋತ್ಯ ಮೂಲೆಯಲ್ಲಿ. ಚಳಿಗಾಲದ ಮಧ್ಯಾಹ್ನದ ಮೇಲೆ ಸೂರ್ಯನೂ ನೈಋತ್ಯದಲ್ಲೇ ಇರುತ್ತಾನೆ. ಅಂದರೆ ಟ್ಯಾಂಕಿನ ನೆರಳು ತಾರಸಿಯ ಮಧ್ಯಕ್ಕೆ, ಈಶಾನ್ಯದ ಕಡೆಗೆ, ನೇರವಾಗಿ ಪ್ಯಾನೆಲ್ ಮೇಲೆಯೇ ಬರುತ್ತದೆ. ನಮ್ಮನೆಯಲ್ಲಿ ಆಗಿದ್ದೂ ಅದೇ. ಟ್ಯಾಂಕ್ ಸರಿಸಿ ಅಂತ ನಾನು ಹೇಳೋದಿಲ್ಲ, ಮನೆಯಲ್ಲಿ ಹಿರಿಯರು ಒಪ್ಪಲ್ಲ. ಪ್ಯಾನೆಲ್ ಸರಿಸಬಹುದು. ಆ ಎರಡನ್ನು ನಾವು ತಾರಸಿಯ ಪೂರ್ವದ ಅಂಚಿಗೆ ಸಾಗಿಸಿದೆವು.

ಎರಡು ಪ್ಯಾನೆಲ್‌ಗೆ ನೆರಳು ಬಿದ್ದರೆ ಎರಡರದ್ದು ಮಾತ್ರ ಹೋಯಿತು ಅಂದುಕೊಳ್ಳಬೇಡಿ. ಮನೆ ಸೋಲಾರ್‌ನಲ್ಲಿ ಸಾಮಾನ್ಯವಾಗಿ ಪ್ಯಾನೆಲ್‌ಗಳು ಒಂದರ ಬಾಲಕ್ಕೆ ಒಂದು ಅಂತ ಒಂದೇ ಸಾಲಿನಲ್ಲಿ ಸೇರಿರುತ್ತವೆ, ಎಲ್ಲದರಲ್ಲೂ ಒಂದೇ ಕರೆಂಟ್ ಹರಿಯಬೇಕು. ಜೋಡೆತ್ತಿನಲ್ಲಿ ಒಂದು ಕುಂಟಿದರೆ ಗಾಡಿಯೇ ನಿಧಾನ ಆಗುತ್ತಲ್ವಾ, ಹಾಗೆ. ಹಾಗಾಗಬಾರದು ಅಂತ ಪ್ರತಿ ಪ್ಯಾನೆಲ್ ಹಿಂದೆ ಬೈಪಾಸ್ ಡಯೋಡ್ ಇರುತ್ತವೆ, ಸಾಮಾನ್ಯವಾಗಿ ಮೂರು. ನೆರಳಿನ ಭಾಗವನ್ನು ಪಕ್ಕಕ್ಕಿಟ್ಟು ಕರೆಂಟು ದಾಟಿಸುವುದು ಅವುಗಳ ಕೆಲಸ. ಅವು ಇದ್ದರೂ ಒಂದು ತೆಂಗಿನ ಗರಿಯ ನೆರಳು, ಒಂದು ಡಿಶ್ ಆಂಟೆನಾ ನೆರಳು ತನ್ನ ಗಾತ್ರಕ್ಕಿಂತ ಎಷ್ಟೋ ಜಾಸ್ತಿ ತಿನ್ನುತ್ತದೆ. ಡಿಶ್ ಅನ್ನು ಇವತ್ತೇ ಸರಿಸಿ. ಗರಿ ಕಡಿಸಿ. ಬಟ್ಟೆ ಒಣಹಾಕುವ ತಂತಿಯನ್ನು ಪ್ಯಾನೆಲ್‌ನ ಉತ್ತರಕ್ಕೆ ಕಟ್ಟಿ, ದಕ್ಷಿಣಕ್ಕೆ ಬೇಡ.

ಇನ್ನೂ ಹಾಕಿಸದೇ ಇರುವವರಿಗೆ ಒಂದು ಮಾತು. ಅಳತೆ ಮಾಡಲು ಬಂದವರು ಯಾವ ತಿಂಗಳಲ್ಲಾದರೂ ಬರಲಿ, "ಡಿಸೆಂಬರ್‌ನಲ್ಲಿ ಮೂರು ಗಂಟೆಗೆ ನೆರಳು ಎಲ್ಲಿರುತ್ತೆ ತೋರಿಸಿ" ಅಂತ ಕೇಳಿ. ಫೋನಿನಲ್ಲೇ ಸೂರ್ಯನ ದಾರಿ ತೋರಿಸುವ ಆಪ್‌ಗಳಿವೆ, ಕ್ಯಾಮೆರಾ ಹಿಡಿದರೆ ಯಾವ ತಿಂಗಳು ಸೂರ್ಯ ಎಲ್ಲಿ ಹಾದುಹೋಗುತ್ತಾನೆ ಅಂತ ಗೆರೆ ಎಳೆದು ತೋರಿಸುತ್ತವೆ. ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಸಿಗುತ್ತದೆ, ಅದಕ್ಕಿಂತ ದೊಡ್ಡದು ಹಾಕಿದರೂ ಸಬ್ಸಿಡಿ ಅಷ್ಟೇ. ಆದರೆ ಸಬ್ಸಿಡಿ ಸಿಗುತ್ತೆ ಅಂತ ನೆರಳಿನ ಜಾಗದಲ್ಲೂ ಪ್ಯಾನೆಲ್ ತುರುಕಬೇಡಿ. ನೆರಳಿಲ್ಲದ ನಾಲ್ಕು ಸಾಕು, ನೆರಳಲ್ಲಿರುವ ಆರು ಬೇಡ.

ದಿಕ್ಕು, ಓರೆಯ ಬಗ್ಗೆ ಜನ ತುಂಬಾ ತಲೆ ಕೆಡಿಸಿಕೊಳ್ಳುತ್ತಾರೆ. ದಕ್ಷಿಣ ಮುಖ, 10ರಿಂದ 15 ಡಿಗ್ರಿ ಓರೆ ಇದ್ದರೆ ಸಾಕು, ಬೀದರ್, ಕಲಬುರಗಿ ಕಡೆಯವರಿಗೆ ಇನ್ನು ಎರಡು ಮೂರು ಡಿಗ್ರಿ. ಪೂರ್ವ-ಪಶ್ಚಿಮ ಮುಖವಾಗಿ ಹಾಕಿದರೂ ನಮ್ಮ ಅಕ್ಷಾಂಶದಲ್ಲಿ ನಷ್ಟ ಸಣ್ಣದು, ಶೇಕಡ 5ರ ಆಸುಪಾಸು. ಕಾಲಕಾಲಕ್ಕೆ ಓರೆ ಬದಲಾಯಿಸುವ ಸ್ಟ್ಯಾಂಡ್ ನಮ್ಮೂರುಗಳಿಗೆ ಬೇಕಿಲ್ಲ. ಬರುವ ಲಾಭ ಕಡಿಮೆ, ಬೋಲ್ಟ್ ಸಡಿಲವಾಗುವ ಅಪಾಯ ಜಾಸ್ತಿ.

ನಿಮ್ಮ ಅಂಕಿ ನಿಮಗೆ ಗೊತ್ತಿರಲಿ

ಸೋಲಾರ್ ಸರಿಯಾಗಿ ಕೆಲಸ ಮಾಡ್ತಿದೆಯಾ ಅಂತ ಯಾರನ್ನೋ ಕೇಳುವ ಬದಲು ಒಂದು ಕ್ಯಾಲೆಂಡರ್ ಇಟ್ಟುಕೊಳ್ಳಿ. ನಮ್ಮನೆಯಲ್ಲಿ ಇನ್ವರ್ಟರ್ (ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆ ಬಳಕೆಯ ಎಸಿ ಮಾಡುವ ಪೆಟ್ಟಿಗೆ) ಪಕ್ಕದ ಗೋಡೆಗೆ ತೂಗುಹಾಕಿದ ಪಂಚಾಂಗದ ಕ್ಯಾಲೆಂಡರಿನಲ್ಲೇ ಪ್ರತಿ ತಿಂಗಳ 1ನೇ ತಾರೀಖು ಒಟ್ಟು ಯೂನಿಟ್ ಬರೆಯುತ್ತೇವೆ. ಅಷ್ಟೇ ಕೆಲಸ. ಒಂದು ವರ್ಷ ಬರೆದ ಮೇಲೆ ಅದಕ್ಕಿಂತ ಒಳ್ಳೆ ಮೆಕ್ಯಾನಿಕ್ ಇಲ್ಲ.

ಒಳನಾಡು ಕರ್ನಾಟಕದಲ್ಲಿ 1 ಕಿಲೋವ್ಯಾಟ್‌ಗೆ ವರ್ಷದ ಸರಾಸರಿ ದಿನಕ್ಕೆ ಸುಮಾರು 4 ಯೂನಿಟ್. ಆದರೆ ಸರಾಸರಿ ನಂಬಿ ಕೂತರೆ ಮೋಸ ಹೋಗುತ್ತೀರಿ. ನಮ್ಮ 3.24 ಕಿಲೋವ್ಯಾಟ್ ಮಾರ್ಚ್‌ನಲ್ಲಿ ದಿನಕ್ಕೆ 15-16 ಯೂನಿಟ್ ಕೊಡುತ್ತದೆ, ಜುಲೈನಲ್ಲಿ 10-11, ಜಡಿಮಳೆ ಹಿಡಿದ ದಿನ 4. ಡಿಸೆಂಬರ್‌ನಲ್ಲಿ ಹಗಲು ಚಿಕ್ಕದಾದರೂ 12-13 ಬರುತ್ತದೆ, ನೆರಳು ಸರಿಪಡಿಸಿದ ಮೇಲೆ. ಹಾಗಾಗಿ ಜುಲೈನಲ್ಲಿ 10 ಬಂದರೆ ಗಾಬರಿ ಬೇಡ. ಮಾರ್ಚ್‌ನಲ್ಲಿ 10 ಬಂದರೆ ತಕ್ಷಣ ಮೇಲೆ ಹತ್ತಿ ನೋಡಿ. ಹೋಲಿಸುವುದಾದರೆ ಹಿಂದಿನ ತಿಂಗಳ ಜೊತೆ ಹೋಲಿಸಬೇಡಿ, ಹಿಂದಿನ ವರ್ಷದ ಅದೇ ತಿಂಗಳ ಜೊತೆ ಹೋಲಿಸಿ. ಪ್ಯಾನೆಲ್ ಹಳೆಯದಾದ ಹಾಗೆ ವರ್ಷಕ್ಕೆ ಅರ್ಧ ಶೇಕಡದಷ್ಟು ಕಡಿಮೆಯಾಗುವುದು ಸಹಜ. ಮೊದಲ ವರ್ಷ ಸ್ವಲ್ಪ ಜಾಸ್ತಿಯೇ ಕಡಿಮೆಯಾಗುತ್ತದೆ. ಆದರೆ ಒಂದೇ ವರ್ಷದಲ್ಲಿ ಶೇಕಡ 15 ಬಿದ್ದರೆ ಅದು ವಯಸ್ಸಲ್ಲ, ಏನೋ ಕೆಟ್ಟಿದೆ.

ಆಪ್‌ನಲ್ಲಿ ಸೊನ್ನೆ ತೋರಿಸಿದರೆ ಮೊದಲು ಇನ್ವರ್ಟರಿನ ಪರದೆಯನ್ನೇ ನೋಡಿ. ಎಷ್ಟೋ ಸಲ ಮನೆಯ ವೈಫೈ ಪಾಸ್‌ವರ್ಡ್ ಬದಲಾಗಿರುತ್ತದೆ, ಕರೆಂಟ್ ಮಾತ್ರ ಚೆನ್ನಾಗಿಯೇ ಬರುತ್ತಿರುತ್ತದೆ.

ಬಿಲ್ಲನ್ನೂ ಓದೋದು ಕಲಿಯಿರಿ. ನೆಟ್ ಮೀಟರ್ ಇರುವ ಮನೆಯ ಬಿಲ್‌ನಲ್ಲಿ ಇಂಪೋರ್ಟ್ (ಗ್ರಿಡ್, ಅಂದರೆ ಕಂಬದ ಲೈನಿನಿಂದ ನೀವು ತೆಗೆದುಕೊಂಡದ್ದು), ಎಕ್ಸ್‌ಪೋರ್ಟ್ (ನೀವು ಲೈನಿಗೆ ಕೊಟ್ಟದ್ದು) ಅಂತ ಎರಡು ರೀಡಿಂಗ್ ಇರುತ್ತವೆ. ಪ್ಯಾನೆಲ್ ಮಾಡಿದ ಒಟ್ಟು ಯೂನಿಟ್‌ನಲ್ಲಿ ಎಕ್ಸ್‌ಪೋರ್ಟ್ ಕಳೆದರೆ ಉಳಿದದ್ದು ಹಗಲಲ್ಲಿ ನೀವೇ ಬಳಸಿದ್ದು. ಬಿಲ್ ಸೊನ್ನೆ ಬರುತ್ತೆ ಅಂತ ನಂಬಿಸಿ ಮಾರುವವರಿದ್ದಾರೆ, ನಂಬಬೇಡಿ. ಮಂಜೂರಾದ ಲೋಡಿನ ಮೇಲೆ ಕಿಲೋವ್ಯಾಟ್ ಲೆಕ್ಕದ ನಿಗದಿತ ಶುಲ್ಕ ಬಂದೇ ಬರುತ್ತದೆ. ಇನ್ನೊಂದು, ಗ್ರಿಡ್‌ನಿಂದ ತೆಗೆದುಕೊಂಡ ಯೂನಿಟ್‌ಗೆ ಸಮನಾಗಿ ಕೊಟ್ಟ ಯೂನಿಟ್ ವಜಾ ಆಗುತ್ತದೆ, ಅಲ್ಲಿ ನಿಮ್ಮ ಯೂನಿಟ್‌ಗೆ ಹೆಚ್ಚುಕಡಿಮೆ 6 ರೂಪಾಯಿ ಬೆಲೆ. ಅದಕ್ಕೂ ಮೀರಿ ಹೆಚ್ಚುವರಿ ಕೊಟ್ಟರೆ ಸಿಗುವ ದರ ಅದಕ್ಕಿಂತ ಕಡಿಮೆ. ಹಾಗಾಗಿ ತಿಂಗಳಿಗೆ 250 ಯೂನಿಟ್ ಬಳಸುವ ಮನೆಗೆ 5 ಕಿಲೋವ್ಯಾಟ್ ಹಾಕಿ ದುಡ್ಡು ಮಾಡುತ್ತೇನೆ ಅನ್ನುವ ಲೆಕ್ಕ ನನಗೆ ಸರಿ ಅನಿಸೋದಿಲ್ಲ. ಗೃಹಜ್ಯೋತಿಯಲ್ಲಿ ಈಗಾಗಲೇ ಬಿಲ್ ಸೊನ್ನೆ ಬರುತ್ತಿರುವ ಮನೆಯವರಂತೂ ಇನ್ನೂ ಯೋಚಿಸಬೇಕು.

ಮೋಟಾರು, ವಾಷಿಂಗ್ ಮಷಿನ್ ಎಲ್ಲ ಹಗಲೇ ಓಡಿಸಬೇಕಾ ಅಂತ ಎಲ್ಲರೂ ಕೇಳುತ್ತಾರೆ. ನೆಟ್ ಮೀಟರ್ ಇದ್ದರೆ ಹಗಲು ಕೊಟ್ಟದ್ದು ರಾತ್ರಿ ತೆಗೆದುಕೊಂಡದ್ದಕ್ಕೆ ವಜಾ ಆಗುವುದರಿಂದ ಬಿಲ್‌ನಲ್ಲಿ ಅಂಥ ವ್ಯತ್ಯಾಸ ಕಾಣಲ್ಲ. ಬ್ಯಾಟರಿ ಮೇಲೆ ನಡೆಯುವ ಸೋಲಾರ್ ಆದರೆ ಮಾತು ಬೇರೆ, ಅಲ್ಲಿ ಬಿಸಿಲಿರುವಾಗಲೇ ನೀರು ಏರಿಸಿ, ದೋಸೆ ಹಿಟ್ಟು ರುಬ್ಬಿ, ಇಸ್ತ್ರಿ ಹಾಕಿ, ಸ್ಕೂಟರ್ ಚಾರ್ಜ್ ಮಾಡಿ. ಬ್ಯಾಟರಿಗೆ ತುಂಬಿ ಮತ್ತೆ ತೆಗೆಯುವಾಗ ಒಂದಿಷ್ಟು ಸೋರಿಹೋಗುತ್ತದೆ, ಬ್ಯಾಟರಿಯೂ ಸವೆಯುತ್ತದೆ. ನೆಟ್ ಮೀಟರ್‌ನವರಿಗೂ ಮಧ್ಯಾಹ್ನ ಮೋಟಾರು ಹಾಕಲು ಒಂದು ಕಾರಣ ಇದೆ, ಅದನ್ನು ಮುಂದೆ ವೋಲ್ಟೇಜ್ ವಿಷಯದಲ್ಲಿ ಹೇಳುತ್ತೇನೆ.

ತೊಳೆಯುವುದು

ಸಂಕ್ರಾಂತಿ ಕಳೆದ ಮೇಲೆ ಮುಂಗಾರು ಬರುವ ತನಕ ಧೂಳಿನ ಕಾಲ. ಆಗ ಹದಿನೈದು ದಿನಕ್ಕೊಮ್ಮೆ ತೊಳೆಯಿರಿ, ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರೆ ಅಥವಾ ಮಣ್ಣಿನ ರಸ್ತೆ ಇದ್ದರೆ ವಾರಕ್ಕೊಮ್ಮೆ. ಬೆಳಿಗ್ಗೆ 7ಕ್ಕಿಂತ ಮುಂಚೆ ಮುಗಿಸಿ. ಕಾದ ಗಾಜಿನ ಮೇಲೆ ತಣ್ಣೀರು ಸುರಿದರೆ ಗಾಜು ಸೀಳಬಹುದು, ಜೊತೆಗೆ ನೀರು ಅಲ್ಲೇ ಆರಿ ಕಲೆ ಕಟ್ಟುತ್ತದೆ. ಆರು ಪ್ಯಾನೆಲ್‌ಗೆ ಎರಡು ಬಕೆಟ್ ನೀರು, ಉದ್ದ ಹಿಡಿಯ ಮೆತ್ತನೆ ಮಾಪ್, ಒಂದು ರಬ್ಬರ್ ವೈಪರ್. ಇಷ್ಟೇ. ಸೋಪಿನ ಪುಡಿ, ಪಾತ್ರೆ ತಿಕ್ಕುವ ನಾರು, ಕಾರು ತೊಳೆಯುವ ಪ್ರೆಶರ್ ಪಂಪು ಯಾವುದೂ ಬೇಡ. ಪ್ಯಾನೆಲ್ ಮೇಲೆ ಕಾಲಿಡಬೇಡಿ, ಮಕ್ಕಳನ್ನೂ ಹತ್ತಿಸಬೇಡಿ. ಗಾಜು ಒಡೆಯದಿದ್ದರೂ ಒಳಗಿನ ಸೆಲ್ (ಕರೆಂಟ್ ಮಾಡುವ ತೆಳು ಬಿಲ್ಲೆ) ಕೂದಲೆಳೆಯಷ್ಟು ಸೀಳುತ್ತದೆ, ಅದು ವರ್ಷಗಳ ಮೇಲೆ ಗೊತ್ತಾಗುತ್ತದೆ.

ನಮ್ಮ ಕಡೆ, ಕೋಲಾರದ ಕಡೆ ಬೋರ್‌ವೆಲ್ ನೀರು ಗಡಸು. ಸ್ನಾನದ ಬಕೆಟ್‌ಗೆ ಕಟ್ಟುವ ಬಿಳಿ ಪದರ ನೋಡಿದ್ದೀರಲ್ವಾ, ಅದೇ ಪ್ಯಾನೆಲ್ ಮೇಲೂ ಕಟ್ಟುತ್ತದೆ. ಒಮ್ಮೆ ಕಟ್ಟಿದರೆ ಮಾಪ್‌ಗೆ ಬಗ್ಗೋದಿಲ್ಲ. ಮಳೆನೀರು ಹಿಡಿದಿಟ್ಟಿದ್ದರೆ ಅದನ್ನೇ ಬಳಸಿ. ಬೋರ್‌ವೆಲ್ ನೀರೇ ಗತಿ ಅಂದರೆ ತೊಳೆದ ಕೂಡಲೇ ವೈಪರ್ ಎಳೆದು ನೀರು ಪೂರ್ತಿ ತೆಗೆಯಿರಿ, ತಾನಾಗಿ ಆರಲು ಬಿಡಬೇಡಿ.

ಈಗ ಪ್ಯಾನೆಲ್‌ನ ಕೆಳಗಿನ ಅಂಚಿಗೆ ಮುಖ ತಂದು ನೋಡಿ. 10 ಡಿಗ್ರಿ ಓರೆಯಲ್ಲಿ ನೀರು ಪೂರ್ತಿ ಇಳಿದು ಹೋಗೋದಿಲ್ಲ. ಅಲ್ಯೂಮಿನಿಯಂ ಚೌಕಟ್ಟು ಗಾಜಿಗಿಂತ ಒಂದೆರಡು ಮಿಲಿಮೀಟರ್ ಮೇಲೆ ಎದ್ದಿರುತ್ತದೆ, ಅಲ್ಲಿ ನೀರು ತಂಗುತ್ತದೆ, ಆರುತ್ತದೆ, ಮಣ್ಣು ಉಳಿಯುತ್ತದೆ. ಪ್ರತಿ ಹನಿ ಮಳೆಗೂ ಒಂದು ಪದರ. ಎರಡು ಮೂರು ತಿಂಗಳಲ್ಲಿ ಅಂಚಿನುದ್ದಕ್ಕೂ ಬೆರಳಗಲದ ಕಂದು ಪಟ್ಟಿ, ಉಗುರಲ್ಲಿ ಕೆರೆದರೆ ಹಪ್ಪಳದ ಹಾಗೆ ಏಳುತ್ತದೆ. ಮಲೆನಾಡಲ್ಲಾದರೆ ಅದರ ಮೇಲೆ ಪಾಚಿಯೂ ಬೆಳೆಯುತ್ತದೆ. ಮೇಲಿನ ಗಾಜೆಲ್ಲ ಫಳಫಳ ಅಂದರೂ ಆ ಪಟ್ಟಿ ಕೆಳಸಾಲಿನ ಸೆಲ್‌ಗಳನ್ನು ಮುಚ್ಚಿರುತ್ತದೆ, ಅದೂ ಒಂದು ನೆರಳೇ. ಅಂಚಿಗೆ ಸಿಕ್ಕಿಸುವ ಸಣ್ಣ ಪ್ಲಾಸ್ಟಿಕ್ ಡ್ರೈನ್ ಕ್ಲಿಪ್‌ಗಳು ಸಿಗುತ್ತವೆ, ಬೆಲೆ ಕಡಿಮೆ, ನೀರನ್ನು ಚೌಕಟ್ಟಿನಾಚೆ ಇಳಿಸುತ್ತವೆ. ನಿಮ್ಮ ಚೌಕಟ್ಟಿನ ದಪ್ಪ ಅಳೆದು ಅದಕ್ಕೆ ಸರಿಹೋಗುವುದನ್ನೇ ತನ್ನಿ. ಸೋಲಾರ್‌ಗೆ ನಾನು ಮಾಡಿದ ಖರ್ಚಿನಲ್ಲಿ ತುಂಬಾ ತೃಪ್ತಿ ಕೊಟ್ಟದ್ದು ಇದೇ.

ಪಾರಿವಾಳ ಇದ್ದರೆ ಪ್ಯಾನೆಲ್ ಅಡಿಯಲ್ಲಿ ಗೂಡು ಕಟ್ಟುತ್ತವೆ. ಸುತ್ತ ಜಾಲರಿ ಹಾಕಿಸಿ, ಆದರೆ ಗಾಳಿಯಾಡುವಂಥ ಜಾಲರಿ ಇರಲಿ. ಹಿಕ್ಕೆ ಒಣಗಿದ್ದರೆ ಕೆರೆಯಬೇಡಿ, ಒದ್ದೆ ಬಟ್ಟೆ ಐದು ನಿಮಿಷ ಇಟ್ಟು ಒರೆಸಿ. ಒಂದೇ ಜಾಗದಲ್ಲಿ ಹಿಕ್ಕೆ ತಿಂಗಳುಗಟ್ಟಲೆ ಉಳಿದರೆ ಆ ಸೆಲ್ ಕಾದು ಸುಡುತ್ತದೆ.

ಸುಡು ಬಿಸಿಲು ಒಳ್ಳೆಯದಲ್ಲ

ಏಪ್ರಿಲ್, ಮೇನಲ್ಲಿ ಬಿಸಿಲು ಇಷ್ಟೊಂದು ಇದೆ, ಯಾಕೆ ಮಾರ್ಚ್‌ಗಿಂತ ಕಡಿಮೆ ಬರ್ತಿದೆ ಅಂತ ಕೇಳುವವರು ಬಹಳ. ಪ್ಯಾನೆಲ್‌ಗೆ ಬೇಕಾದ್ದು ಬೆಳಕು, ಬಿಸಿ ಅಲ್ಲ. ಅದರ ಮೇಲೆ ಬರೆದ ವ್ಯಾಟ್ ಲೆಕ್ಕ 25 ಡಿಗ್ರಿಗೆ. ಅದಕ್ಕಿಂತ ಒಂದೊಂದು ಡಿಗ್ರಿ ಕಾದಂತೆಲ್ಲ ಶೇಕಡ 0.3ರಿಂದ 0.4ರಷ್ಟು ಕಡಿಮೆ ಆಗುತ್ತದೆ. ಬೇಸಿಗೆ ಮಧ್ಯಾಹ್ನ ಪ್ಯಾನೆಲ್ 60-65 ಡಿಗ್ರಿ ಮುಟ್ಟುತ್ತದೆ, ಅಂದರೆ ಶೇಕಡ 12-14 ಅಲ್ಲೇ ಹೋಯಿತು. ರಾಯಚೂರು, ಕಲಬುರಗಿ, ವಿಜಯಪುರದ ಕಡೆಯವರಿಗೆ ಇದು ಇನ್ನೂ ದೊಡ್ಡ ಸಂಗತಿ. ಇದಕ್ಕೆ ಮದ್ದು ಗಾಳಿ ಒಂದೇ. ಪ್ಯಾನೆಲ್ ಮತ್ತು ಸೂರಿನ ನಡುವೆ ಗಾಳಿ ಆಡಬೇಕು, ಶೀಟಿನ ಮನೆಯಾದರೆ ಶೀಟಿಗೆ ಅಂಟಿಸಿದ ಹಾಗೆ ಹಾಕಿಸಬೇಡಿ, ಅರ್ಧ ಅಡಿಯಾದರೂ ಬಿಡಿಸಿ. ಪ್ಯಾನೆಲ್ ಕೆಳಗೆ ಹಳೇ ಸಾಮಾನು, ಕಾಯಿಸಿಪ್ಪೆ ತುಂಬಬೇಡಿ, ಗಾಳಿಗೂ ಅಡ್ಡ, ಬೆಂಕಿಗೂ ದಾರಿ.

ಇನ್ವರ್ಟರಿಗೂ ಅಷ್ಟೇ. ಪಶ್ಚಿಮದ ಬಿಸಿಲು ಬೀಳುವ ಗೋಡೆಯಲ್ಲಿದ್ದರೆ ಅದು ಕಾದು ತಾನಾಗಿಯೇ ಉತ್ಪಾದನೆ ತಗ್ಗಿಸಿಕೊಳ್ಳುತ್ತದೆ. ಮೇಲೆ ಒಂದು ತಗಡಿನ ನೆರಳು ಮಾಡಿಸಿ, ಹಿಂದಿನ ರೆಕ್ಕೆಗಳಲ್ಲಿ ಜೇಡರ ಬಲೆ ತೆಗೆಯಿರಿ.

ಕರೆಂಟ್ ಹೋದರೆ, ವೋಲ್ಟೇಜ್ ಏರಿದರೆ

ಬ್ಯಾಟರಿ ಇಲ್ಲದ ಗ್ರಿಡ್ ಸೋಲಾರ್, ಲೈನಿನಲ್ಲಿ ಕರೆಂಟ್ ಹೋದ ತಕ್ಷಣ ತಾನೂ ನಿಲ್ಲುತ್ತದೆ. ಕಂಬದಲ್ಲಿ ಕೆಲಸ ಮಾಡುತ್ತಿರುವ ಲೈನ್‌ಮನ್ ಪ್ರಾಣ ಉಳಿಸಲು ಮಾಡಿದ ವ್ಯವಸ್ಥೆ ಅದು. ಹಾಗಾಗಿ ಬೇಸಿಗೆಯಲ್ಲಿ ಹಗಲು ಎರಡು ಗಂಟೆ ಕರೆಂಟ್ ಹೋದರೆ ಆ ಎರಡು ಗಂಟೆಯ ಬಿಸಿಲೂ ಹೋಯಿತು. ಇದಕ್ಕೆ ನಾವು ಮಾಡುವುದು ಏನಿಲ್ಲ, ಆದರೆ ತಿಂಗಳ ಲೆಕ್ಕ ಬರೆಯುವಾಗ "ಕರೆಂಟ್ ಹೋಗಿತ್ತು" ಅಂತ ಪಕ್ಕದಲ್ಲಿ ಗುರುತು ಹಾಕಿ, ಇಲ್ಲದಿದ್ದರೆ ಪ್ಯಾನೆಲ್ ಮೇಲೆ ಸುಮ್ನೆ ಅನುಮಾನ ಬರುತ್ತದೆ.

ವೋಲ್ಟೇಜ್ ವಿಷಯ ಮಾತ್ರ ನಮ್ಮ ಕೈಯಲ್ಲಿದೆ. ನಮ್ಮ ಎರಡನೇ ವರ್ಷ ಬೆಳಿಗ್ಗೆ 11ರಿಂದ 2ರ ತನಕ ಆಪ್‌ನ ಗೆರೆ ಗರಗಸದ ಹಲ್ಲಿನ ಹಾಗೆ ಆಗುತ್ತಿತ್ತು. ಮೋಡವಿರಲಿಲ್ಲ. ಇನ್ವರ್ಟರಿನ ದೋಷಪಟ್ಟಿ ತೆಗೆದು ನೋಡಿದರೆ ಗ್ರಿಡ್ ಓವರ್ ವೋಲ್ಟೇಜ್ ಅಂತ ಸಾಲು ಸಾಲು. ಇನ್ವರ್ಟರು ಕರೆಂಟನ್ನು ಹೊರಗೆ ತಳ್ಳಬೇಕಾದರೆ ತನ್ನ ವೋಲ್ಟೇಜ್ ಸ್ವಲ್ಪ ಏರಿಸಬೇಕು. ತಾರಸಿಯಿಂದ ಮೀಟರಿನ ತನಕ ಎಳೆದ ವೈರು ತೆಳ್ಳಗಿದ್ದರೆ ಇನ್ನೂ ಜಾಸ್ತಿ ಏರಿಸಬೇಕು, ಮಿತಿ ದಾಟಿದರೆ ನಿಂತುಬಿಡುತ್ತದೆ. ನಮಗೆ ಹಾಕಿದ್ದು ತೆಳು ವೈರು. ದಪ್ಪದ್ದು ಹಾಕಿಸಿದ ಮೇಲೆ ಗೆರೆ ಗುಡ್ಡದ ಹಾಗೆ ನುಣ್ಣಗಾಯಿತು. ವೈರು ಸರಿಯಿದ್ದೂ ತೊಂದರೆ ಇದ್ದರೆ ಪರದೆಯ ವೋಲ್ಟೇಜ್ ಫೋಟೊ, ಸಮಯದ ಸಮೇತ, ನಿಮ್ಮ ಬೆಸ್ಕಾಂ, ಹೆಸ್ಕಾಂ, ಯಾವುದೋ ಆ ಸೆಕ್ಷನ್ ಆಫೀಸಿಗೆ ಅರ್ಜಿ ಜೊತೆ ಕೊಡಿ, ಟ್ರಾನ್ಸ್‌ಫಾರ್ಮರ್‌ನಲ್ಲೇ ಸರಿಪಡಿಸಬಹುದು. ಅಲ್ಲಿಯ ತನಕ ಮಧ್ಯಾಹ್ನದ ಹೊತ್ತು ಮೋಟಾರು, ಗೀಸರ್ ಹಾಕಿ. ಹೊರಗೆ ತಳ್ಳುವುದು ಕಡಿಮೆಯಾದರೆ ವೋಲ್ಟೇಜೂ ಇಳಿಯುತ್ತದೆ.

ಆಷಾಢದ ಗಾಳಿ, ಆರಿದ್ರಾ ಮಳೆ

ಏಪ್ರಿಲ್, ಮೇನ ಗುಡುಗು ಸಿಡಿಲಿಗೆ ಮುಂಚೆಯೇ ಅರ್ಥಿಂಗ್ ಗುಂಡಿಗಳಿಗೆ ನೀರು ಹಾಕಿ, ಒಣ ನೆಲದಲ್ಲಿ ಅರ್ಥಿಂಗ್ ಇದ್ದೂ ಇಲ್ಲದ ಹಾಗೆ. ಸೋಲಾರ್ ವೈರಿನ ಡಬ್ಬಿಯೊಳಗಿನ ಸರ್ಜ್ ರಕ್ಷಕದ (ಸಿಡಿಲಿಗೆ ದಿಢೀರ್ ಏರುವ ವೋಲ್ಟೇಜ್ ತಡೆಯುವ ಸಾಧನ) ಕಿಟಕಿ ಹಸಿರಾಗಿದೆಯಾ ನೋಡಿ, ಕೆಂಪಾಗಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಬದಲಾಯಿಸಿ. ಆಷಾಢದ ಗಾಳಿಗೆ ಮುಂಚೆ ಕ್ಲಾಂಪು, ಬೋಲ್ಟುಗಳನ್ನು ಒಮ್ಮೆ ಮುಟ್ಟಿ ನೋಡಿ. ಕರಾವಳಿಯವರು ತುಕ್ಕು ಎಲ್ಲಿ ಶುರುವಾಗಿದೆ ಅಂತಲೂ ನೋಡಬೇಕು.

ಒಂದು ಎಚ್ಚರಿಕೆ. ಆರು ಪ್ಯಾನೆಲ್‌ನ ಸಾಲಿನಲ್ಲಿ ಹಗಲಿಡೀ 250 ವೋಲ್ಟ್‌ಗಿಂತ ಜಾಸ್ತಿ ಡಿಸಿ ಇರಬಹುದು. ಬಿಸಿಲಿರುವಾಗ ಅದನ್ನು ಆಫ್ ಮಾಡಲು ಸ್ವಿಚ್ಚಿಲ್ಲ, ಸ್ವಿಚ್ ಇರುವುದು ಇನ್ವರ್ಟರಿನ ಹತ್ತಿರ ಮಾತ್ರ. ಪ್ಯಾನೆಲ್ ಹಿಂದಿನ ಕನೆಕ್ಟರುಗಳನ್ನು ನೀವೇ ಎಳೆಯಬೇಡಿ, ಕಿಡಿ ಹಾರಿದರೆ ಆರೋದಿಲ್ಲ. ಗಾಜು ಒಡೆದ ಪ್ಯಾನೆಲ್ ಒದ್ದೆಯಿದ್ದಾಗ ಮುಟ್ಟಲೇಬೇಡಿ.

ಮಳೆಗಾಲದಲ್ಲಿ ತೊಳೆಯುವ ಕೆಲಸ ಮಳೆಗೇ ಬಿಡಿ, ಕೆಳಗಿನ ಆ ಕಂದು ಪಟ್ಟಿ ಮಾತ್ರ ತಿಂಗಳಿಗೊಮ್ಮೆ ಒರೆಸಿ. ಆರಿದ್ರಾ, ಪುನರ್ವಸುವಿನಲ್ಲಿ ಉತ್ಪಾದನೆ ಕಡಿಮೆ ಇರುತ್ತದೆ, ಅದಕ್ಕೆ ಇನ್ನಷ್ಟು ಪ್ಯಾನೆಲ್ ಸೇರಿಸಿ ಅನ್ನುವವರ ಮಾತು ಕೇಳಬೇಡಿ. ಆಗ ಫ್ಯಾನು, ಎಸಿ ಖರ್ಚೂ ಕಡಿಮೆ ಅಲ್ವಾ. ಆಗಸ್ಟ್‌ನಲ್ಲಿ ಮೋಡ ಒಡೆದು ಬಿಸಿಲು ಬಂದಾಗ ಆಪ್‌ನಲ್ಲಿ ಗೆರೆ ಒಮ್ಮೆಲೇ ಮಾರ್ಚ್‌ಗಿಂತ ಮೇಲೆ ಜಿಗಿಯುವುದನ್ನೂ ನೋಡುತ್ತೀರಿ. ತಣ್ಣಗಿನ ಪ್ಯಾನೆಲ್, ತೊಳೆದ ಗಾಜು, ನೆತ್ತಿ ಮೇಲೆ ಸೂರ್ಯ, ಜೊತೆಗೆ ಮೋಡದ ಅಂಚಿಂದ ಚದುರಿ ಬರುವ ಬೆಳಕು, ಎಲ್ಲ ಕೂಡಿದ ಕೆಲವು ನಿಮಿಷ ಅದು. ನೋಡಲು ಖುಷಿ.

ಆಯುಧಪೂಜೆಗೆ ಇನ್ವರ್ಟರಿಗೂ ಪೂಜೆ ಮಾಡುತ್ತೇವೆ. ಹೂವಿನ ಹಾರವನ್ನು ಗಾಳಿಕಿಂಡಿಗೆ ಅಡ್ಡ ಬರದ ಹಾಗೆ ಹಾಕಿ, ಅರಿಶಿನ ಕುಂಕುಮವನ್ನು ಪ್ಯಾನೆಲ್ ಗಾಜಿಗೆ ಹಚ್ಚದೆ ಕಬ್ಬಿಣದ ಕಾಲಿಗೆ ಹಚ್ಚಿ. ಅದೇ ದಿನ ಹಿಂಗಾರಿಗೆ ಮುಂಚಿನ ಒಂದು ಪೂರ್ತಿ ತೊಳೆತ ಮುಗಿಸಿಬಿಡಿ. ದೀಪಾವಳಿ ಮರುದಿನ ಒಮ್ಮೆ ಮೇಲೆ ಹೋಗಿ ರಾಕೆಟ್ ಕಡ್ಡಿ ಬಿದ್ದಿದೆಯಾ, ಗಾಜಿಗೆ ಏಟಾಗಿದೆಯಾ ನೋಡಿ.

ಆಮೇಲೆ ಡಿಸೆಂಬರ್ 20ರ ಆಸುಪಾಸು, ರಜಾದಿನ ನೋಡಿ, ಒಂದು ಸೀಮೆಸುಣ್ಣ ತೆಗೆದುಕೊಂಡು ತಾರಸಿ ಹತ್ತಿ. ಬೆಳಿಗ್ಗೆ 9ಕ್ಕೆ, 12ಕ್ಕೆ, 3ಕ್ಕೆ, ಮೂರು ಸಲ, ನೆಲದ ಮೇಲೆ ನೆರಳಿನ ಅಂಚಿಗೆ ಗೆರೆ ಎಳೆದು ಫೋಟೊ ತೆಗೆದಿಡಿ. ಹೋದ ವರ್ಷ ನಮ್ಮ ಪಕ್ಕದ ಸೈಟಿನ ತೆಂಗು ಪ್ಯಾನೆಲ್‌ನಿಂದ ಮೂರಡಿ ದೂರದಲ್ಲಿ ನೆರಳು ಬಿಟ್ಟಿತ್ತು, ಈ ವರ್ಷ ಒಂದಡಿ. ಪಕ್ಕದವರ ಹತ್ತಿರ ಮಾತಾಡಿದ್ದೇನೆ, ಬರುವ ಡಿಸೆಂಬರಿಗೆ ಮುಂಚೆ ನಮ್ಮ ಕಡೆಯ ಗರಿಗಳನ್ನು ಕಡಿಸಿಕೊಡುತ್ತಾರಂತೆ.